ದೊಡ್ಡಮ್ಮನ ದೋಣಿ ಹಬ್ಬ

ನಮ್ಮ ದೊಡ್ಡಮ್ಮ ಓಡಿಹೋದಳು ಎಂದರೆ ನೀವು ಏನೇನೋ ಊಹಿಸಿಕೊಳ್ಳಬೇಡಿ. ಅವಳು ಓಡಿಹೋದದ್ದು ಹಾಸ್ಟೆಲ್ಲಿಗೆ. ಅದೂ ಚೀನಾದ ಹಾಸ್ಟೆಲ್ಲಿಗೆ. ಅದೂ ಅರವತ್ತೊಂದನೆಯ ವಯಸ್ಸಿನಲ್ಲಿ! ಹೆಸರು ಹಾಕಬಾರದೆಂದು ಅಪ್ಪಣೆಯಾಗಿದೆ. ಹಾಕದಿದ್ದರೂ ವಸಂತ್ ಕುಂಜ್‌ನ ನಮ್ಮ ಬ್ಲಾಕಿನಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅಂಥವರು ಒಂದು ಬ್ಲಾಕಿಗೆ ಇಬ್ಬರಿರಲು ಸಾಧ್ಯವೇ?

ಪಿಎಚ್‌ಡಿ ಮಾಡುತ್ತೇನೆಂದು ದೆಹಲಿಗೆ ಬಂದ ನಾನು ಐದು ವರ್ಷಗಳಿಂದ ಅವಳ ಮನೆಯಲ್ಲೇ ಇದ್ದೇನೆ. ಅವಳು ಇಲ್ಲಿನ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆಗಿದ್ದವಳು. ನಿವೃತ್ತಿಯಾದ ವಾರವೇ ಒಂದು ರೈಸ್ ಕುಕ್ಕರ್ ಕೊಂಡಳು. ಅದರ ಜೊತೆ ಬಂದ ಪುಸ್ತಿಕೆ ಪೂರ್ತಿ ಚೀನೀ ಭಾಷೆಯಲ್ಲಿತ್ತು. ನೀವಾದರೆ ಅಂಗಡಿಗೆ ಹೋಗಿ ಜಗಳವಾಡುತ್ತಿದ್ದಿರಿ. ನಾನಾದರೆ ಪಕ್ಕದ ಮನೆಯವರನ್ನು ಕೇಳುತ್ತಿದ್ದೆ. ದೊಡ್ಡಮ್ಮ ಚೀನೀ ಕಲಿಯಲು ಹೋದಳು! ಎರಡು ವರ್ಷ ಸಂಜೆ ತರಗತಿಗೆ ಅಲೆದು ಆ ಪುಸ್ತಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿದಳು. ಅಷ್ಟರಲ್ಲಿ ಕುಕ್ಕರ್ ಕೆಟ್ಟು ಒಂದೂವರೆ ವರ್ಷವಾಗಿತ್ತು.

ಕಲಿತ ಭಾಷೆ ಹಾಳಾಗಬಾರದಲ್ಲ! ಸ್ವಂತ ಖರ್ಚಿನಲ್ಲಿ ಆರು ತಿಂಗಳ ಕೋರ್ಸಿಗೆ ಹೊರಟೇಬಿಟ್ಟಳು. ದಕ್ಷಿಣ ಚೀನಾದ ಯಾವುದೋ ನದಿದಂಡೆಯ ಊರು. ತರಗತಿಯಲ್ಲಿ ಇವಳನ್ನು ಬಿಟ್ಟರೆ ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಮೊದಲ ದಿನ ಇವಳು ಒಳಗೆ ಕಾಲಿಟ್ಟಾಗ ಇವಳೇ ಟೀಚರೆಂದು ಇಡೀ ತರಗತಿ ಎದ್ದು ನಿಂತಿತಂತೆ. ದೊಡ್ಡಮ್ಮ ಅಭ್ಯಾಸಬಲದಿಂದ "ಕೂತ್ಕೊಳ್ಳಿ" ಅಂದಳಂತೆ!

ಆ ಭಾಷೆಯಲ್ಲಿ ರಾಗ ಸ್ವಲ್ಪ ಏರಿಳಿದರೆ ಅರ್ಥವೇ ಬೇರೆ. ಇವಳು ಕ್ಯಾಂಟೀನಿನಲ್ಲಿ ಟೀಗೆ ಸಕ್ಕರೆ ಕೇಳಿದರೆ ಸೂಪು ಬಂತು. ಅದೂ ಕೋಳಿಯದು.

ಜೂನಿನ ಒಂದು ಬೆಳಿಗ್ಗೆ ನಾನು ಲೈಬ್ರರಿಯಲ್ಲಿದ್ದಾಗ ವಿಡಿಯೋ ಕಾಲ್ ಬಂತು. ಎತ್ತಿದರೆ ಢಂಢಂ ಎಂದು ನಗಾರಿ, ಜನರ ಕೂಗು, ಒಂದು ತುಣುಕು ಆಕಾಶ, ಯಾರದೋ ಹಳದಿ ಛತ್ರಿ.

"ಹಬ್ಬ ಕಣೇ! ಡ್ರ್ಯಾಗನ್ ದೋಣಿ! ನೋಡಿದ್ಯಾ?"

"ನೋಡ್ದೆ ದೊಡ್ಡಮ್ಮ. ನಿನ್ನ ಹೆಬ್ಬೆಟ್ಟು."

ಆ ಹೆಬ್ಬೆಟ್ಟಿನ ಹಿಂದೆ ಏನಿತ್ತು ಎಂದು ನನಗೆ ತಿಳಿದದ್ದು ಅವಳು ವಾಪಸು ಬಂದ ಮೇಲೆ. ಮರುವರ್ಷದ ಬೇಸಿಗೆ. ಮಧ್ಯಾಹ್ನ ಕರೆಂಟು ಹೋದರೆ ನಾವಿಬ್ಬರೂ ಪರದೆ ಎಳೆದು ತಣ್ಣನೆಯ ನೆಲದ ಮೇಲೆ ಮಲಗುತ್ತಿದ್ದೆವು. ಅವಳು ಚಾವಣಿ ನೋಡುತ್ತ ಹೇಳುತ್ತ ಹೋಗುತ್ತಿದ್ದಳು. ಬಹಳ ಹಿಂದೆ ಒಬ್ಬ ಕವಿ ತನ್ನ ನಾಡು ಹಾಳಾದ ದುಃಖಕ್ಕೆ ನದಿಗೆ ಹಾರಿಕೊಂಡನಂತೆ. ಊರಿಗೆ ಊರೇ ದೋಣಿ ಇಳಿಸಿ ಹುಡುಕಿತಂತೆ. ಮೀನುಗಳು ಅವನನ್ನು ಮುಟ್ಟದಿರಲೆಂದು ನೀರಿಗೆ ಅನ್ನ ಎಸೆದರಂತೆ. ಅಂದಿನಿಂದ ವರ್ಷಕ್ಕೊಮ್ಮೆ ಅದೇ ನೀರು, ಅದೇ ಹುಡುಕಾಟ. ಕೇಳುತ್ತ ಕೇಳುತ್ತ ನನಗೆ ಜೋಂಪು ಹತ್ತುತ್ತಿತ್ತು. ಪರದೆಯ ಸಂದಿನಿಂದ ಬಿದ್ದ ಬಿಸಿಲಿನ ಪಟ್ಟಿಯ ಮೇಲೆ ಉದ್ದನೆಯ ದೋಣಿಗಳು ಸದ್ದಿಲ್ಲದೆ ಜಾರಿಹೋಗುತ್ತಿದ್ದವು. ದೂರದಲ್ಲಿ ಏರುತ್ತಿದ್ದ ವಿಮಾನದ ಮೊರೆತ ನಗಾರಿಯಾಗುತ್ತಿತ್ತು. ನಾನೂ ಯಾರನ್ನೋ ಹುಡುಕುತ್ತ ಹುಟ್ಟು ಹಾಕುತ್ತಿದ್ದೆ. ಯಾರನ್ನು ಎಂದು ನೆನಪಾಗುವಷ್ಟರಲ್ಲಿ ಫ್ಯಾನು ತಿರುಗಿ ಎಚ್ಚರವಾಗುತ್ತಿತ್ತು.

"ಈ ಸಲ ಇಲ್ಲೇ ಮಾಡೋಣ" ಎಂದಳು ಒಂದು ದಿನ. "ಹೆಚ್ಚುಕಮ್ಮಿ ನಮ್ಮ ಜ್ಯೇಷ್ಠ ಶುದ್ಧ ಪಂಚಮಿಯೇ. ತಿಂಡಿ ಅಂದ್ರೆ ಅಂಟು ಅಕ್ಕಿಯನ್ನ ಬಿದಿರಿನ ಎಲೇಲಿ ಕಟ್ಟಿ ಬೇಯಿಸೋದು. ನಮ್ಮ ಕೊಟ್ಟೆ ಕಡುಬೇ! ಪಾಪ, ಉದ್ದು ಹಾಕೋದು ಮರ್ತಿದಾರೆ ಅಷ್ಟೆ."

ದೆಹಲಿಯಲ್ಲಿ ಬಿದಿರಿನ ಎಲೆ ಎಲ್ಲಿಂದ ಬರಬೇಕು? ಗಾಡಿಯ ತರಕಾರಿಯವನನ್ನು ತಡೆದು ಕೇಳಿದಳು. "ಭಯ್ಯಾ, ಬಾಂಸ್ ಕೇ ಪತ್ತೇ ಮಿಲೇಂಗೇ?"

ಅವನು ತಕ್ಕಡಿ ಕೆಳಗಿಟ್ಟ. "ಆಂಟೀಜೀ, ಪಾಂಡಾ ಪಾಲ್ ಲಿಯಾ ಕ್ಯಾ?"

ಪಾಂಡಾ ಸಾಕಿರಲಿಲ್ಲವಾದ್ದರಿಂದ ಮುನಿರ್ಕಾದ ದಕ್ಷಿಣದವರ ಅಂಗಡಿಯಿಂದ ಬಾಳೆ ಎಲೆ ಬಂತು. ಬಾಗಿಲಿಗೆ ಅಲ್ಲಿಯವರು ಹಬ್ಬಕ್ಕೆ ಕಟ್ಟುವ ಯಾವುದೋ ಸೊಪ್ಪಿನ ಬದಲು ಬೇವು ಕಟ್ಟಿದಳು. ಅತಿಥಿ ಒಬ್ಬರೇ, ಮೇಲಿನ ಮನೆಯ ಪಂಜಾಬಿ ಆಂಟಿ. ಅವರು ಬರುವಾಗ ದೊಡ್ಡಮ್ಮನ ಕೋರಿಕೆಯಂತೆ ಒಂದು ಕೋಳಿಮೊಟ್ಟೆ ತಂದಿದ್ದರು. ನಮ್ಮ ಮನೆಯೊಳಕ್ಕೆ ಬಂದ ಮೊಟ್ಟಮೊದಲ ಮೊಟ್ಟೆ! ತಿನ್ನುವುದಕ್ಕಲ್ಲ, ನಿಲ್ಲಿಸುವುದಕ್ಕೆ. ಆ ಹಬ್ಬದ ನಡುಮಧ್ಯಾಹ್ನ ಮೊಟ್ಟೆ ನೆಟ್ಟಗೆ ನಿಂತರೆ ವರ್ಷವಿಡೀ ಒಳ್ಳೆಯದಂತೆ. ಗಾಳಿ ತಾಗಬಾರದೆಂದು ಫ್ಯಾನೂ ಇಲ್ಲ, ಕೂಲರೂ ಇಲ್ಲ. ಗಣಿತದ ಟೀಚರ್ ಉಸಿರು ಬಿಗಿಹಿಡಿದು ಬೆರಳು ತೆಗೆದಳು. ನಿಂತಿತು! ನಿಂತ ಮೇಲೆ ಫ್ಯಾನು ಹಾಕುವ ಧೈರ್ಯ ಯಾರಿಗಿದೆ? ಮೂವರೂ ಅದನ್ನೇ ನೋಡುತ್ತ ಮಾತಿಲ್ಲದೆ ಕೂತೆವು. ಮೊಟ್ಟೆಗಿಂತ ಮೊದಲು ನಾವೇ ಬೆಂದೆವು.

ಆಮೇಲೆ ದೊಡ್ಡಮ್ಮ ಐದು ಬಣ್ಣದ ದಾರ ಹೊಸೆದದ್ದನ್ನು ತಂದಳು. ಆಂಟಿಯ ಕೈಗೆ ಕಟ್ಟಿದಳು, ನನಗೆ ಕಟ್ಟಿದಳು, ತನ್ನ ಕೈಯನ್ನು ನನ್ನ ಮುಂದೆ ಚಾಚಿ "ಕಟ್ಟು" ಅಂದಳು. ಹಬ್ಬದ ನಂತರದ ಮೊದಲ ಮಳೆ ಬರುವವರೆಗೆ ಬಿಚ್ಚುವಂತಿಲ್ಲ. ಮಳೆ ಬಂದಾಗ ಕತ್ತರಿಸಿ ಹರಿವ ನೀರಿಗೆ ಬಿಟ್ಟರೆ ರೋಗರುಜಿನವೆಲ್ಲ ಅದರ ಜೊತೆ ಹೋಗುತ್ತದಂತೆ.

ದೆಹಲಿಯ ಜೂನ್ ನಿಮಗೆ ಗೊತ್ತಲ್ಲ. ನಲ್ಲಿಯಲ್ಲಿ ಕುದಿನೀರು, ಆಕಾಶದಲ್ಲಿ ಬೂದಿ. ಇಡೀ ಊರು ಕತ್ತೆತ್ತಿ ಮಳೆಗೆ ಕಾಯುತ್ತಿತ್ತು. ನಮ್ಮ ದೊಡ್ಡಮ್ಮ ಮಾತ್ರ ದಿನಾ ಬೆಳಿಗ್ಗೆ ಫೋನಿನಲ್ಲಿ ಹವಾಮಾನ ನೋಡಿ, "ಇನ್ನೂ ಹತ್ತು ದಿನ ಇಲ್ವಂತೆ!" ಎಂದು ಕುಣಿಯುವುದೊಂದು ಬಾಕಿ! ಒಂದು ಸಂಜೆ ಧೂಳುಗಾಳಿಯೆದ್ದು ನಾಲ್ಕು ಹನಿ ಬಿದ್ದವು. ಕೈ ಕಡಿತ ತಾಳಲಾರದೆ ನಾನು ಕತ್ತರಿ ಹುಡುಕಿದೆ.

"ಇದು ಮಳೆ ಅಲ್ಲ" ಎಂದಳು ದೊಡ್ಡಮ್ಮ ಗಂಭೀರವಾಗಿ. "ಧೂಳಿನ ಬೆವರು."

ಮೇಲಿನ ಆಂಟಿ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ಬೇಟಾ, ಇವರಿಗೆ ಬಿಸಿಲು ತಲೆಗೇರಿಲ್ಲ ತಾನೆ?" ಎಂದು ಹಿಂದಿಯಲ್ಲಿ ಪಿಸುಗುಟ್ಟಿದರು. ನನಗೂ ಅದೇ ಅನುಮಾನ.

ಕೊನೆಗೆ ಒಂದು ಮಧ್ಯಾಹ್ನ ನಿಜವಾದ ಮಳೆ ಬಂತು. ಎದುರಿನ ಬ್ಲಾಕು ಕಾಣದಂತೆ ಸುರಿಯಿತು. ಆಂಟಿ ಬಾಲ್ಕನಿಯಿಂದಲೇ ತಮ್ಮ ದಾರ ಎಸೆದು ಚಪ್ಪಾಳೆ ತಟ್ಟಿದರು. ನಾನೂ ನನ್ನದನ್ನು ಕತ್ತರಿಸಿ ಬೀದಿಯ ನೀರಿಗೆ ಬಿಟ್ಟು ಬಂದೆ. "ಕೈ ಕೊಡು ದೊಡ್ಡಮ್ಮ" ಎಂದೆ.

ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು, ಥೇಟ್ ಚಿಕ್ಕ ಹುಡುಗಿಯ ಹಾಗೆ. ನಾನು ನಕ್ಕೆ. ಅವಳು ನಗಲಿಲ್ಲ.

"ಅಲ್ಲಿ ಹಾಸ್ಟೆಲ್ ನೋಡ್ಕೊಳ್ಳೋ ಹೆಂಗಸು ಬೆಳಿಗ್ಗೆ ಎಲ್ಲರಿಗೂ ಕಟ್ತಾ ಬಂದ್ಲು" ಎಂದಳು ಮಳೆ ನೋಡುತ್ತ. "ನನ್ನ ಹತ್ರ ಬಂದಾಗ ನಾನೇ ಹೀಗೆ ಕೈ ಹಿಂದಿಟ್ಕೊಂಡೆ. ಅಭ್ಯಾಸ ನೋಡು. ನಿಮ್ಮ ದೊಡ್ಡಪ್ಪ ಹೋದಮೇಲೆ ಅರಿಶಿನ ಕುಂಕುಮದ ತಟ್ಟೆ ಬಂದ್ರೆ ನಾನು ಒಳಗೆ ಹೋಗಿಬಿಡ್ತೀನಲ್ಲ, ಹಾಗೆ. ಅವಳಿಗೆ ಅದೆಲ್ಲ ಏನು ಗೊತ್ತು? ಏನೋ ಬೈಕೊಂಡು, ನನ್ನ ಹಿಂದಕ್ಕೇ ಬಂದು, ಕೈ ಹಿಡಿದು ಕಟ್ಟೇಬಿಟ್ಲು. ಹನ್ನೊಂದು ವರ್ಷ ಆಗಿತ್ತು, ಹಬ್ಬದ ದಿನ ಯಾರಾದ್ರೂ ನನ್ನ ಕೈ ಹಿಡಿದು." ಕಿಟಕಿಗೆ ಇನ್ನಷ್ಟು ಹತ್ತಿರ ಸರಿದಳು. "ಮಾರನೇ ದಿನಾನೇ ಮಳೆ ಬಂತು ಕಣೇ. ದಾರ ಕೈಯಲ್ಲಿ ಒಂದೇ ದಿನ ಇತ್ತು."

ಐದು ವರ್ಷ ಅದೇ ಮನೆಯಲ್ಲಿದ್ದೆ. ಪ್ರತಿ ಶ್ರಾವಣದಲ್ಲೂ ಕನ್ನಡದ ಹೆಂಗಸರು ತಟ್ಟೆ ಹಿಡಿದು ಬರುತ್ತಿದ್ದರು. ನಾನು ಹಣೆಯೊಡ್ಡಿ ಕುಂಕುಮ ಇಡಿಸಿಕೊಳ್ಳುತ್ತಿದ್ದೆ. ದೊಡ್ಡಮ್ಮ ಒಳಗೆ ಕಾಫಿ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಕಾಫಿ ಬರುತ್ತಲೂ ಇತ್ತು.

ಕತ್ತರಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅವಳ ಹಿಂದೆ ಹೋಗಿ ಆ ಕೈ ಹಿಡಿದೆ. ದಾರ ಬಣ್ಣಗೆಟ್ಟು ಎಳೆ ಬಿಟ್ಟಿತ್ತು, ಗಂಟು ಬಿಚ್ಚುವ ಹಾಗಿತ್ತು. ಅದನ್ನು ಬಿಗಿಯಾಗಿ ಎಳೆದು ಇನ್ನೊಂದು ಗಂಟು ಹಾಕಿದೆ.

"ಅಯ್ಯೋ, ಅಷ್ಟು ಬಿಗಿ ಬೇಡ್ವೇ" ಎಂದಳು, ತಿರುಗದೆ. ಆದರೆ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.