ಹಾಲ್‌ನಲ್ಲಿ ತೇಲಿದ ಲ್ಯಾಟಿನ್

"ಸಂಜೆ ನಾಲ್ಕಕ್ಕೆ ಪ್ರಕಾಶಕರು ಬರ್ತಾರೆ. ಮೂವತ್ತು ವರ್ಷದ ತಪಸ್ಸು ಅವರ ಕೈಗೆ! ಇಂಗ್ಲಿಷಿನ ಬೇರು ಬಲ್ಲವನು ಈ ಮನೇಲಿ ನಾನೊಬ್ಬನೇ!" ಎಂದು ಡಿಕ್ಷನರಿ ತಾತ ಬೆಳಬೆಳಗ್ಗೆಯೇ ಘೋಷಿಸಿದರು.

ತಾತ ನಿವೃತ್ತ ಪ್ರೂಫ್ ರೀಡರ್. ಬಳಕೆ ತಪ್ಪಿದ ಇಂಗ್ಲಿಷ್ ಪದಗಳನ್ನು ಹೆಕ್ಕಿ, ಅರ್ಥ, ಲ್ಯಾಟಿನ್ನೋ ಗ್ರೀಕೋ ಮೂಲ ಎಲ್ಲ ಬರೆದಿಟ್ಟ ಮುನ್ನೂರು ಚೀಟಿಗಳು ಅವರ ಆಸ್ತಿ. ಅದೂ ಶಾಯಿ ಪೆನ್ನಿನಲ್ಲೇ; ಬಾಲ್‌ಪೆನ್ನು ಮುಟ್ಟಿಸಿದರೆ ಪದಕ್ಕೆ ಅವಮಾನವಂತೆ! ಮೇಜು ಸಾಲದೆ ಹಾಲ್‌ನ ನೆಲದ ತುಂಬ ಅಕಾರಾದಿಯಾಗಿ ಹರಡಿಕೊಂಡಿದ್ದರು. "ಇವತ್ತು ಕೊಡದಿದ್ರೆ ಪುಸ್ತಕದ ಆಸೆ ಬಿಡಿ" ಎಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಅಂಗಡಿಗೆ ಹೊರಟ ಅಜ್ಜಿ ಬಾಗಿಲಲ್ಲಿ ನಿಂತು ಏನೋ ಹೇಳಿದರು. ಒಂದಲ್ಲ, ಮೂರು ಸಲ. ತಾತ ತಲೆಯೆತ್ತದೆ ಮೂರಕ್ಕೂ "ಹೂಂ" ಎಂದರು.

ಆಮೇಲೆ ನೆನಪಾಯಿತು, ಸಂಜೆ ಹಾಕಿಕೊಳ್ಳಬೇಕಾದ ಬಿಳಿ ಶರ್ಟು ಒಗೆದಿಲ್ಲ! ಹಾಲ್‌ನ ಪಕ್ಕದ ವಾಷಿಂಗ್ ಮೆಷಿನ್ನಿಗೆ ಅದನ್ನು ಹಾಕಿ, ಗುಂಡಿ ಒತ್ತಿ, ಅಡುಗೆಮನೆಯಲ್ಲಿ ತಿಂಡಿಗೆ ಕೂತರು. ಕೈ ತೊಳೆದು ಬಂದವರು ಕಂಬವಾದರು! ನೆಲದಲ್ಲಿ ಕೆರೆ! ರೋಮನ್ ಸಾಮ್ರಾಜ್ಯ ಸೋಪಿನ ನೊರೆಯಲ್ಲಿ ಮುಳುಗಿತ್ತು, ಗ್ರೀಸು ಸೋಫಾದ ಕೆಳಗೆ ಈಜುತ್ತಿತ್ತು. ಚೀಟಿ ಎತ್ತಿದರೆ ಬರೀ ನೀಲಿ ನೀರು!

"ಅಯ್ಯೋ ರೀ! ಮೆಷಿನ್ ಹಾಕಿದ್ರಾ?" ಅಷ್ಟರಲ್ಲಿ ಬಂದ ಅಜ್ಜಿ ಚೀಲ ಕೆಳಗೆ ಹಾಕಿ ಸ್ವಿಚ್ ಆರಿಸಿದರು.

"ಹೋಯ್ತು ಕಣೇ! ಮೂವತ್ತು ವರ್ಷ!"

"ಪೆನ್ ತಗೊಳ್ಳಿ. ಬಾಲ್‌ಪೆನ್ನು!"

"ನಿಂಗೇನೇ ಗೊತ್ತು? ಓದಿದ್ದು ನಾಲ್ಕನೇ ಕ್ಲಾಸು!"

"ಓದಿದ್ದು ನಾಲ್ಕು, ಕೇಳಿಸ್ಕೊಂಡಿದ್ದು ಮೂವತ್ತು ವರ್ಷ. ಬರೀರಿ. ಜೆಂಟ್ಯಾಕ್ಯುಲರ್: ಬೆಳಗಿನ ತಿಂಡಿಗೆ ಸಂಬಂಧಪಟ್ಟದ್ದು, ಲ್ಯಾಟಿನ್. ತಿಂಡಿ ತಡವಾದಾಗಲೆಲ್ಲ ಅದರಲ್ಲೇ ಬೈದಿದ್ದೀರಿ. ಲ್ಯಾಟಿಬ್ಯುಲೇಟ್: ಮೂಲೆಯಲ್ಲಿ ಅಡಗಿಕೊಳ್ಳೋದು, ಅದೂ ಲ್ಯಾಟಿನ್. ನಮ್ಮಮ್ಮ ಬಂದಾಗ ನೀವು ಮಾಡ್ತಿದ್ದದ್ದು. ನ್ಯೂಬಿವೇಗಂಟ್: ಮೋಡದಲ್ಲಿ ಅಲೆಯೋನು. ಅದಂತೂ ದಿನಾ ಕಣ್ಣೆದುರಿಗೇ ಇದೆ!"

ನಾಲ್ಕು ಹೊಡೆಯುವಷ್ಟರಲ್ಲಿ ಮುನ್ನೂರೂ ಕಾಗದಕ್ಕೆ ಮರಳಿದ್ದವು. ಪ್ರಕಾಶಕರು ಕಟ್ಟು ಒಯ್ದ ಮೇಲೆ ತಾತ ಕರಗಿಹೋದರು. "ನಾನಾಡಿದ್ದು ಒಂದೂ ಬಿಡದೆ ನೆನಪಿಟ್ಟಿದ್ದೀಯಲ್ಲೇ!"

"ಅದಿರ್ಲಿ. ಬೆಳಗ್ಗೆ ನಾನು ಮೂರು ಸಲ ಹೇಳಿದ್ದೇನು?"

ತಾತ ಸೂರು ನೋಡಿದರು. ನೆಲ ನೋಡಿದರು. "ಅಂಗಡಿಯಿಂದ ಏನಾದ್ರೂ ತರಬೇಕಾ... ಅಂತಲಾ?"

"ಮೆಷಿನ್ನಿನ ಪೈಪು ಕಿತ್ತುಬಂದಿದೆ, ಹಾಕ್ಬೇಡಿ ಅಂತ!"

ತಾತ ನೆಲ ಒರೆಸುವ ಬಟ್ಟೆ ಹಿಡಿದು ಮೂಲೆ ಸೇರಿದರು. ಮುನ್ನೂರು ಪದಗಳಲ್ಲಿ ಆ ಗಳಿಗೆಗೆ ನೆನಪಾದದ್ದು ಒಂದೇ: ಲ್ಯಾಟಿಬ್ಯುಲೇಟ್!