ಬಲಗಡೆ ಹೂ ಬಿದ್ದರೆ ಸಮುದ್ರ

ನಮ್ಮ ಮನೆಯಲ್ಲಿ ಯಾವುದೂ ತಾನಾಗಿ ನಡೆಯುವುದಿಲ್ಲ. ಹಾಲು ಉಕ್ಕಿದರೆ ದೇವರು ಉಕ್ಕಿಸಿದ್ದು, ಕರೆಂಟು ಹೋದರೆ ದೇವರು ತೆಗೆದದ್ದು, ನನಗೆ ಮದುವೆಯಾದದ್ದಂತೂ ದೇವರ ಪವಾಡ. ಇದೆಲ್ಲ ಅಮ್ಮನ ಅಭಿಪ್ರಾಯ. ಹೀಗಾಗಿ ಬೆಂಗಳೂರಿನ ಹಲಸೂರಿನಿಂದ ನಾವು ಸಮುದ್ರಕ್ಕೆ ಹೊರಟಾಗ ದೇವರೂ ಜೊತೆಗೆ ಬಂದ.

ಹೋಗಲು ಕಾರಣ ಅಪ್ಪ. ಬದುಕಿರುವವರೆಗೂ ಅಮ್ಮನಿಗೆ, "ಬರೋ ಬೇಸಿಗೆಗೆ ಸಮುದ್ರ ತೋರಿಸ್ತೀನಿ ಕಣೇ" ಅನ್ನುತ್ತಿದ್ದರು. ಬೇಸಿಗೆ ಬಂದಾಗ ಹಲಸೂರು ಕೆರೆಯಲ್ಲಿ ದೋಣಿ ಹತ್ತಿಸಿ, "ಇದೂ ನೀರೇ ಅಲ್ವಾ?" ಅಂದು ವಾಪಸ್ ಕರೆತರುತ್ತಿದ್ದರು. ಅವರು ಹೋದಮೇಲೆ ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಅಮ್ಮನ ಕಾಲಿಗೆ ಒಂದು ಸಲ ಸಮುದ್ರದ ನೀರು ತಾಗಬೇಕು, ನನಗೆ ಬೇಕಿದ್ದದ್ದು ಅಷ್ಟೇ.

೧. ಅಪ್ಪಣೆ

ಅಮ್ಮ ಏನೇ ಮಾಡುವ ಮುಂಚೆ ದೇವರ ಹತ್ತಿರ ಹೂ ಕೇಳುತ್ತಾಳೆ. ಮನೆದೇವರ ಫೋಟೋದ ಮೇಲೆ ಎಡಕ್ಕೊಂದು, ಬಲಕ್ಕೊಂದು ಸೇವಂತಿಗೆ ಇಟ್ಟು ಕೈಮುಗಿದು ಕೂರುವುದು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ.

ಸಮುದ್ರದ ವಿಷಯ ಕೇಳಿದಾಗ ಎಡಗಡೆಯದು ಬಿತ್ತು. ನನ್ನ ಮುಖ ನೋಡಿ ಅಮ್ಮನಿಗೆ ಪಾಪ ಅನ್ನಿಸಿರಬೇಕು. ಹೂವನ್ನು ಮತ್ತೆ ಏರಿಸಿ ದೇವರನ್ನೇ ವಿಚಾರಿಸಿದಳು: "ಈಗ ಬೇಡ ಅಂದ್ಯೋ, ಯಾವತ್ತೂ ಬೇಡ ಅಂದ್ಯೋ? ಬಿಡಿಸಿ ಹೇಳಪ್ಪ."

ದೇವರು ಯೋಚನೆಗೆ ಬಿದ್ದ. ಎಷ್ಟು ಹೊತ್ತಾದರೂ ಎರಡು ಹೂವೂ ಅಲುಗಲಿಲ್ಲ. ನನ್ನ ಹೆಂಡತಿ ಆಫೀಸಿಗೆ ರಜೆ ಹಾಕಿ, ರೂಮನ್ನೂ ಬುಕ್ ಮಾಡಿ ಆಗಿತ್ತು. "ಸೆಖೆ ಅಲ್ವಾ ಅತ್ತೆ?" ಅನ್ನುತ್ತಾ ಅವಳು ಫ್ಯಾನ್ ಹಾಕಿದಳು. ಬಲಗಡೆಯ ಹೂ ಹಾರಿ ನೆಲಕ್ಕೆ ಬಿತ್ತು.

"ನೋಡ್ದೇನೋ, ದೇವ್ರ ಅಪ್ಪಣೆ ಆಯ್ತು!" ಅಂದಳು ಅಮ್ಮ.

ದೇವರ ಅಪ್ಪಣೆ ಐದನೇ ಸ್ಪೀಡಿನಲ್ಲಿ ಬರುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತೇ.

೨. ಕಾಪಾಡುವ ಜಾಗ

ಸಮುದ್ರ ಇರುವುದು ಪಶ್ಚಿಮಕ್ಕೆ, ನಾವು ಮೊದಲು ಹೋದದ್ದು ಪೂರ್ವಕ್ಕೆ. ಗಿಡಗಳಿಗೆ ನೀರು ಹಾಕುವ ಸಲುವಾಗಿ ಮನೆ ಕೀಯನ್ನು ಕೆ.ಆರ್. ಪುರದಲ್ಲಿರುವ ನನ್ನ ತಂಗಿಗೆ ಕೊಡಬೇಕಿತ್ತು. ಬಾಡಿಗೆ ಕಾರಿನ ಡ್ರೈವರು ಶಿವಾಜಿನಗರದವನು, ನಮಾಜು ಮುಗಿಸಿಯೇ ಗಾಡಿ ತೆಗೆಯುವ ಸಮಾಧಾನಿ. ಕೀ ಕೊಟ್ಟು ವಾಪಸ್ ಬರುವಾಗ ಅಲ್ಲಿನ ತೂಗುಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡೆವು. ಮುಂದಿನ ಲಾರಿ ಅಲುಗುವುದಿಲ್ಲ, ಹಿಂದಿನ ಬಸ್ಸು ಹಾರ್ನ್ ನಿಲ್ಲಿಸುವುದಿಲ್ಲ. ನಾನು ಕೂತಲ್ಲೇ ಎಲ್ಲರನ್ನೂ ಬೈಯುತ್ತಿದ್ದೆ.

"ಸುಮ್ನಿರೋ," ಅಂದಳು ಅಮ್ಮ. "ಮುಂದೆ ಎಲ್ಲೋ ಗಂಡಾಂತರ ಇದೆ. ಅದನ್ನ ತಪ್ಸೋಕೇ ದೇವ್ರು ನಮ್ಮನ್ನ ಇಲ್ಲಿ ನಿಲ್ಸವ್ನೆ."

ಡ್ರೈವರು ಎಂಜಿನ್ ಆಫ್ ಮಾಡಿ ಹಿಂದಕ್ಕೆ ತಿರುಗಿದ. "ನಿಜ ಅಮ್ಮಾ. ಮೇಲಿರೋನು ಈ ಬ್ರಿಡ್ಜ್ ಹತ್ರ ಎಷ್ಟೋ ಜನಾನ ಕಾಪಾಡ್ತಾನೆ. ದಿನಾ ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ."

೩. ಚೂಡಿದಾರ

ಉಡುಪಿ ಹತ್ತಿರ ಸಮುದ್ರದ ದಂಡೆಯ ರೂಮಿಗೆ ತಲುಪಿ ಸಾಮಾನು ಇಳಿಸಿದರೆ, ಅಮ್ಮನ ಸೀರೆಗಳ ಬ್ಯಾಗೇ ಇಲ್ಲ! ಮನೆ ಕೀ ಅದರೊಳಗಿತ್ತು. ಕೀ ಹುಡುಕಲು ಬ್ಯಾಗನ್ನು ತಂಗಿಯ ಮನೆ ಗೇಟಿನೊಳಗೆ ಇಳಿಸಿದವನು ನಾನು, ಅಲ್ಲೇ ಬಿಟ್ಟು ಬಂದವನೂ ನಾನು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಅಮ್ಮನೇ ಅಡ್ಡ ಬಂದಳು.

"ಹೋಗ್ಲಿ ಬಿಡಮ್ಮ. ನಾನು ಚೂಡಿದಾರ ಹಾಕ್ಬೇಕು ಅಂತ ದೇವ್ರಿಗೆ ಆಸೆ. ಅದಕ್ಕೇ ಇವನಿಗೆ ಮರೆವು ಕೊಟ್ಟವ್ನೆ. ನಿಂದೊಂದು ಕೊಡು."

"ಮದ್ವೆಯಾದಾಗಿಂದ ನಾನೂ ಅದನ್ನೇ ಹೇಳ್ತಿದೀನಲ್ಲ ಅತ್ತೆ, ಹಾಕ್ಕೊಳ್ಳಿ ಅಂತ!"

"ನೀನು ಹೇಳಿದ್ದೆ. ದೇವ್ರು ಹೇಳಿರ್ಲಿಲ್ವಲ್ಲ."

ನೀಲಿ ಚೂಡಿದಾರ ಹಾಕಿಕೊಂಡು ಅಮ್ಮ ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡಳು. ಚೆನ್ನಾಗಿಯೇ ಕಾಣುತ್ತಿದ್ದಳು. ನನಗೆ ಮಾತ್ರ ಒಂದು ಬೈಗುಳವೂ ಬೀಳಲಿಲ್ಲ. ಅಮ್ಮನ ದೇವರ ಮೇಲೆ ನನಗೆ ಭಕ್ತಿ ಶುರುವಾದದ್ದು ಅಲ್ಲಿಂದ.

೪. ಬರ್ಲಾ, ಬೇಡ್ವಾ?

ಇಷ್ಟೆಲ್ಲ ಮಾಡಿ ಬಂದವಳು ನೀರಿಗೆ ಮಾತ್ರ ಇಳಿಯಲಿಲ್ಲ. ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ದೂರದಿಂದಲೇ ಕೈಮುಗಿದಳು. "ನೋಡಿದ್ದಾಯ್ತಲ್ಲ, ಸಾಕು ಬಿಡು." ಹೆದರಿಕೆ ಅಂತ ನನಗೆ ಗೊತ್ತಿತ್ತು. ಊರಿಗೆ ಹೊರಡುವ ದಿನ ಬೆಳಿಗ್ಗೆಯೂ ಅದೇ ಮಾತು ಕೇಳಿ ನನಗೆ ಅಳುವೇ ಬಂತು.

"ಅಪ್ಪ ಇದ್ದಿದ್ರೆ ಇಳೀತಿದ್ದೆ ಅಲ್ವಾ?" ಅಂದೆ.

ಅಮ್ಮ ಚೂಡಿದಾರಕ್ಕೆ ಅಂಟಿದ್ದ ಮರಳು ಕೊಡವಿಕೊಂಡಳು. ಆಮೇಲೆ, "ದೇವ್ರನ್ನ ಕೇಳಿ ನೋಡ್ತೀನಿ," ಅಂದಳು. ಕೈಚೀಲದಿಂದ ಫೋಟೋ ತೆಗೆದು ಇನ್ನೊಂದು ಕುರ್ಚಿಯಲ್ಲಿಟ್ಟು, ಊರಿಂದ ತಂದ ಸೇವಂತಿಗೆಯಲ್ಲಿ ಉಳಿದಿದ್ದ ಎರಡನ್ನೂ ಏರಿಸಿದಳು.

ಗಾಳಿಗೆ ಎಡಗಡೆಯದು ಅಲುಗತೊಡಗಿತು. ಹೆಂಡತಿ ತಕ್ಷಣ ದುಪಟ್ಟಾ ಹರಡಿಕೊಂಡು ಆ ಕಡೆ ಅಡ್ಡ ನಿಂತಳು. ನಾನು ಕೆಮ್ಮು ಬಂದವನ ಹಾಗೆ ಬಲಗಡೆಯ ಹೂವಿನ ಮೇಲೆ ಊದಿದೆ. ಡ್ರೈವರು ಕಾರಿನಿಂದ ಪೇಪರು ತಂದು, "ಸೆಖೆ ಅಮ್ಮಾ" ಅಂತ ಬೀಸತೊಡಗಿದ. ದೇವರು ಯಾರಿಗೂ ಜಗ್ಗಲಿಲ್ಲ.

ಎಲ್ಲರ ಕಣ್ಣೂ ಫೋಟೋದ ಮೇಲೆ. ನೀರು ಏರುತ್ತಾ ಹತ್ತಿರ ಬಂದದ್ದನ್ನು ಯಾರೂ ನೋಡಲಿಲ್ಲ. ದೊಡ್ಡ ಅಲೆಯೊಂದು ಬಂದು ಅಮ್ಮನನ್ನು ಕುರ್ಚಿಯ ಸಮೇತ ಸೊಂಟದವರೆಗೆ ತೋಯಿಸಿತು. ಹೋಗುವಾಗ ಎರಡು ಹೂವನ್ನೂ ಒಯ್ದಿತು. ಡ್ರೈವರು ಮಾತ್ರ ಎಗರಿ ಫೋಟೋ ಹಿಡಿದು ತಲೆಯ ಮೇಲೆತ್ತಿದ್ದ.

"ಅಮ್ಮಾ, ನಿಮ್ದು ದೇವ್ರು ನನ್ ಹತ್ರ ಭದ್ರವಾಗವ್ರೆ!"

ಅಮ್ಮ ಕಣ್ಣು ಒರೆಸಿಕೊಂಡು ಸಮುದ್ರವನ್ನು ನೋಡಿದಳು. "ಅಯ್ಯೋ, ಬರ್ಲಾ ಬೇಡ್ವಾ ಅಂತ ನಾನು ಕೇಳಿದ್ರೆ, ಅವನೇ ಬಂದ್ಬಿಟ್ನಲ್ಲೋ!" ಅಂದು ನಗತೊಡಗಿದಳು. ಕುರ್ಚಿ ಬಿಟ್ಟು ನೀರಿನಲ್ಲೇ ಕೂತು, ಬೊಗಸೆಯಲ್ಲಿ ಎತ್ತಿ ನಾಲಗೆಗೆ ತಾಗಿಸಿಕೊಂಡಳು. "ನಿಮ್ಮಪ್ಪ ಸುಳ್ಳು ಹೇಳ್ಬಿಟ್ರು ಕಣೋ. ಕೆರೆ ನೀರೇ ಬೇರೆ, ಇದೇ ಬೇರೆ!" ನನ್ನ ಕಣ್ಣೂ ಒದ್ದೆಯಾಗಿತ್ತು, ಉಪ್ಪುನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಬಿಸಿಲೇರಿತು. ಹೆಂಡತಿ ಕರೆದಳು, "ಅತ್ತೆ, ಸಾಕು ಏಳಿ, ಊರಿಗೆ ಹೊರಡ್ಬೇಕು."

"ಹೂ ಕೇಳಮ್ಮ ಮೊದ್ಲು. ಬಲಗಡೆಯದು ಬಿದ್ರೆ ಏಳ್ತೀನಿ."

"ಹೂ ಎಲ್ಲಿವೆ ಅತ್ತೆ? ಎರಡೂ ಸಮುದ್ರಕ್ಕೆ ಹೋದ್ವಲ್ಲ!"

"ಹಂಗಾದ್ರೆ ವಾಪಸ್ ಬರ್ಲಿ, ಕಾಯೋಣ," ಅಂದು ಅಮ್ಮ ಕಾಲು ಚಾಚಿಕೊಂಡಳು.