ಹೊಸಕೇಣಿಯ ಸರಾಸರಿ ಸಂಗ್ರಾಮ

ನೊರೆಕಿರೀಟಧಾರಿಯಾದ ಹೇ ವರುಣದೇವ, ನನ್ನ ನಾಲಗೆಯ ಮೇಲೆ ನೆಲೆಸು. ಉಪ್ಪು ಮಾತ್ರ ಹದವಾಗಿರಲಿ. ಸಕಲ ಚರಾಚರಗಳಿಗೂ ಅಂಕ ಕೊಡುವ ಈ ಯುಗದಲ್ಲಿ, ಕಡಲಿಗೂ ಅಂಕ ಕೊಟ್ಟು ಕಳಿಸಿರೆಂದು ಪ್ರಧಾನ ಕಚೇರಿಯಿಂದ ಅಪ್ಪಣೆಯಾದಾಗ, ಹೊಸಕೇಣಿ ಅಳಿವೆಯ ದಡದಲ್ಲಿ, ಎರಡೇ ಮೇಜುಗಳ, ಒಂದೇ ಫ್ಯಾನಿನ ಸಂಶೋಧನಾ ಕೇಂದ್ರದಲ್ಲಿ ನಡೆದ ಘೋರ ಕದನವನ್ನು ಹಾಡಲು ಹೊರಟಿದ್ದೇನೆ.

ಪಡುವಣ ಮೇಜಿನ ಅಧಿಪತಿ ಜಲಪಾರದರ್ಶಕತಾಮಾಪನಧುರಂಧರ, ಆಮ್ಲಜನಕಾನ್ವೇಷಣಚತುರ, ಇಸ್ತ್ರಿಧವಳಾಂಬರಧಾರಿ ಡಾಕ್ಟರ್ ವಾಗೀಶ ಗಾಂವ್ಕರ. ಮೂಡಣ ಮೇಜಿನ ಒಡತಿ ಪಂಕಗರ್ಭಸಂಚಾರಿಣಿ, ಸಹಸ್ರಕೀಟಗಣನಾಕೋವಿದೆ, ಜರಡಿಹಸ್ತೆ ಡಾಕ್ಟರ್ ನಾಗವೇಣಿ ಅಂಬಿಗ. ಹನ್ನೊಂದು ತಿಂಗಳು ಆಕೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಮಣ್ಣು ಜರಡಿ ಹಿಡಿದು, ಕೂದಲೆಳೆಯಂಥ ಹುಳುಗಳನ್ನು ಒಂದೊಂದಾಗಿ ಎಣಿಸಿದ್ದಳು. ಅಂಥ ತಾಳ್ಮೆ ನನಗಿದ್ದಿದ್ದರೆ ನಾನು ಈ ಕಥೆ ಹೇಳಿಕೊಂಡು ತಿರುಗುತ್ತಿರಲಿಲ್ಲ.

ಅಂಕಗಳು ಬಂದವು. ನೀರಿನ ಆಮ್ಲಜನಕಕ್ಕೆ ನೂರಕ್ಕೆ ಎಂಬತ್ನಾಲ್ಕು, ತಿಳಿತನಕ್ಕೆ ಎಪ್ಪತ್ತೊಂಬತ್ತು, ಮೀನಿನ ಬಗೆಗಳಿಗೆ ಎಪ್ಪತ್ತೊಂದು, ಕೆಸರಿನ ಜೀವಿಗಳಿಗೆ ಇಪ್ಪತ್ತೆರಡು. ನಾಲ್ಕನ್ನೂ ಕೂಡಿಸಿ ಒಂದೇ ಮಾತಿನ ತೀರ್ಪು ಬರೆಯಬೇಕು. 'ಕೆಟ್ಟಿದೆ' ಎಂದು ಬರೆದರೆ ಕಾರಣ ಹುಡುಕಲು ಪ್ರಧಾನ ಕಚೇರಿಯವರು ಬರುತ್ತಾರೆ. 'ಚೆನ್ನಾಗಿದೆ' ಎಂದರೆ ಕಡತ ಮುಚ್ಚುತ್ತದೆ, ಹನ್ನೊಂದು ತಿಂಗಳು ನೀರುಪಾಲು.

ಆಗ ವಾಗೀಶರು ಎದ್ದು ಗರ್ಜಿಸಿದರು: "ಎಲೌ ಪಂಕಪ್ರಿಯೆ! ಸರಾಸರಿಯೆಂಬುದು ನನ್ನ ಕುಲದೈವ! ಕೂಡು, ನಾಲ್ಕರಿಂದ ಭಾಗಿಸು: ಅರವತ್ನಾಲ್ಕು! ಫಸ್ಟ್ ಕ್ಲಾಸ್! ಯಃಕಶ್ಚಿತ್ ಹುಳುವಿಗಾಗಿ ಇಡೀ ಸಮುದ್ರವನ್ನು ಫೇಲು ಮಾಡುವೆಯಾ?"

ನಾಗವೇಣಿ ಜರಡಿಯನ್ನು ಗುರಾಣಿಯಂತೆ ಎತ್ತಿ ಹಿಡಿದಳು: "ಎಲೈ ತಿಳಿನೀರಿನ ಅಭಿಮಾನಿಯೇ! ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಇಪ್ಪತ್ತೆರಡು ಬಂದವನನ್ನು ಯಾವ ಹೆಡ್‌ಮಾಸ್ತರರು ಪಾಸು ಮಾಡಿದ್ದುಂಟು? ಎಲ್ಲಕ್ಕಿಂತ ಕಡಿಮೆ ಅಂಕವೇ ಅಳಿವೆಯ ಅಂಕ! ಬಾ, ತಾಕತ್ತಿದ್ದರೆ ಕೆಸರಿಗಿಳಿ!"

ಇಳಿದೇ ಬಿಟ್ಟರು. ಕಡಲ ಇಳಿತದ ಹೊತ್ತು, ಮಟಮಟ ಮಧ್ಯಾಹ್ನ. ಆರನೆಯ ಹೆಜ್ಜೆಗೆ ಪಂಕರಾಕ್ಷಸನು ವಾಗೀಶರ ಎಡಗಾಲ ಚಪ್ಪಲಿಯನ್ನು ಸಶಬ್ದವಾಗಿ ನುಂಗಿದನು. ವೀರರು ವಿಚಲಿತರಾಗದೆ ಒಂದು ಹಿಡಿ ಮಣ್ಣು ಬಾಚಿ ಜರಡಿ ಹಿಡಿದರು. ಆಹಾ, ಗಿಜಿಗುಟ್ಟುವ ಹುಳು! "ನೋಡು, ನೋಡು! ಎಷ್ಟೊಂದು ಜೀವ! ಇದು ಕೆಟ್ಟ ಕೆಸರೇ?" ಎಂದು ದಿಕ್ಕುಗಳು ನಡುಗುವಂತೆ ಕೂಗಿದರು. ನಾಲ್ಕು ಕೊಕ್ಕರೆಗಳು ಹಾರಿಹೋದವು.

"ಸರಿಯಾಗಿ ನೋಡಿ ಸಾರ್," ಎಂದಳು ನಾಗವೇಣಿ, ಈಗ ಬರೀ ಮಾತಿನಲ್ಲಿ. "ಎಲ್ಲಾ ಒಂದೇ ಜಾತಿ. ಬೇರೆ ಯಾರಿಗೂ ಉಸಿರಾಡಲಿಕ್ಕೆ ಆಗದ ಕಡೆ ಇದೊಂದೇ ಬದುಕುತ್ತದೆ. ಮೊದಲು ಇಲ್ಲಿ ಮೂವತ್ತು ಜಾತಿ ಇದ್ದವು. ಮಣ್ಣು ಮೂಸಿ."

ವಾಗೀಶರು ಮೂಸಿದರು. ಕೊಳೆತ ಮೊಟ್ಟೆ.

ಅಷ್ಟರಲ್ಲಿ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದ ತುಳಸಿ ಹರಿಕಂತ್ರ ಸೊಂಟ ನೆಟ್ಟಗೆ ಮಾಡಿಕೊಂಡು ಬುಟ್ಟಿ ತೋರಿಸಿದಳು. ತಳದಲ್ಲಿ ಹತ್ತೋ ಹನ್ನೆರಡೋ ಚಿಪ್ಪು. "ಎಂತ ಗಲಾಟೆ ಮಾರಾಯ್ರೆ? ಮುಂಚೆ ಒಂದು ಇಳಿತಕ್ಕೆ ಎರಡು ಬುಟ್ಟಿ ಆಗ್ತಿತ್ತು. ಈಗ ಮನೆ ಸಾರಿಗೂ ಸಾಕಾಗೂದಿಲ್ಲ. ಆ ಹೊಲಸು ನೀರು ಬಿಡೂ ಪೈಪು ಬಂದ್ಮೇಲೆ ಹೀಗೇ. ಅಕ್ಕೋರಿಗೆ ಎಲ್ಲಾ ಗೊತ್ತುಂಟು."

ವಾಗೀಶರು ಬುಟ್ಟಿ ನೋಡಿದರು, ಕೈಯಲ್ಲಿದ್ದ ಕರಿಮಣ್ಣು ನೋಡಿದರು. ಅವರು ಹಟಮಾರಿ, ಆದರೆ ಅಪ್ರಾಮಾಣಿಕರಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಆಗ. ಕುಂಟುತ್ತ ಕೇಂದ್ರಕ್ಕೆ ಮರಳಿ, ಕುಲದೈವವನ್ನು ತ್ಯಜಿಸಿ, ತಮ್ಮ ಕೈಯಾರೆ ಬರೆದರು: 'ಹೊಸಕೇಣಿ: ಇಪ್ಪತ್ತೆರಡು. ಕೆಟ್ಟಿದೆ.' ನಾಗವೇಣಿ ಚಹಾ ತರಿಸಿದಳು. ದೇವತೆಗಳು ಪುಷ್ಪವೃಷ್ಟಿ ಮಾಡಿರಬಹುದು, ಫ್ಯಾನಿನ ಗಾಳಿಗೆ ಗೊತ್ತಾಗಲಿಲ್ಲ.

ಹದಿನೈದು ದಿನಕ್ಕೆ ಪ್ರಧಾನ ಕಚೇರಿಯ ವರದಿ ಬಂತು. 'ಹನ್ನೆರಡು ಅಳಿವೆಗಳ ಸರಾಸರಿ: ಅರವತ್ತೊಂದು. ಕರಾವಳಿ ಚೆನ್ನಾಗಿದೆ.'

ನಾಗವೇಣಿ ವರದಿಯನ್ನು ಮಡಚಿ ಜರಡಿಯ ಕೆಳಗಿಟ್ಟಳು. ಆದರೆ ವಾಗೀಶರು! ಪ್ರಳಯಕಾಲದ ರುದ್ರನಂತೆ ಫೋನು ಹಿಡಿದರು: "ಯಾರ್ರೀ ಅದು ಸರಾಸರಿ ತೆಗೆದಿದ್ದು? ಮನೆಯಲ್ಲಿ ಒಬ್ಬನಿಗೆ ಜ್ವರ ಬಂದರೆ ಹನ್ನೆರಡು ಜನರ ಸರಾಸರಿ ತೆಗೆದು ಎಲ್ಲರೂ ಗಟ್ಟಿಮುಟ್ಟು ಅಂತೀರಾ? ಸರಾಸರಿಯಂತೆ ಸರಾಸರಿ! ನಾಚಿಕೆಯಾಗಬೇಕು!"

ಅರ್ಧ ಗಂಟೆಯ ವಾಗ್ಬಾಣವರ್ಷಕ್ಕೆ ತತ್ತರಿಸಿದ ಗುಮಾಸ್ತರು ಕೊನೆಗೆ ಸಂಧಿ ಮಾಡಿಕೊಂಡರು. "ಒಟ್ಟು ಅಂಕ ಬದಲಾಯಿಸೋಕಾಗಲ್ಲ ಸಾರ್. ಬೇಕಾದರೆ ಒಂದು ಅಡಿಟಿಪ್ಪಣಿ ಹಾಕ್ತೀವಿ."

ಹಾಗೆ, ಹನ್ನೊಂದು ತಿಂಗಳ ತಪಸ್ಸು, ಎರಡು ಮೇಜುಗಳ ಮಹಾಸಮರ, ಒಂದು ಕಾಲಿನ ಚಪ್ಪಲಿಯ ಬಲಿದಾನ, ಇವೆಲ್ಲದರ ಫಲವಾಗಿ ತಿದ್ದಿದ ವರದಿಯ ನಲವತ್ತೇಳನೆಯ ಪುಟದ ಕೆಳಗೆ, ಕನ್ನಡಕವಿಲ್ಲದವರಿಗೆ ಕಾಣದಂಥ ಅಕ್ಷರದಲ್ಲಿ, ಒಂದು ಸಾಲು ಅಚ್ಚಾಯಿತು: 'ಹೊಸಕೇಣಿಯಲ್ಲಿ ಪೈಪಿನ ಬಳಿ ಕೆಸರು ಸರಿಯಿಲ್ಲ.' ಅದನ್ನು ಓದಿದವರು ಇಡೀ ರಾಜ್ಯದಲ್ಲಿ ಒಬ್ಬರೇ, ಒಬ್ಬ ಕಿರಿಯ ಇಂಜಿನಿಯರು. ಮುಂದಿನ ಮಂಗಳವಾರ ಅವರು ಬಸ್ಸಿಳಿದು, ಪ್ಯಾಂಟು ಮಡಚಿಕೊಂಡು, ತುಳಸಿಯನ್ನು ಕೇಳಿದರು: "ಅಮ್ಮಾ, ಆ ಪೈಪು ಎಲ್ಲಿದೆ?"